ಸಾವಿರ ಕಡ್ಡಿಯ ಲೆಕ್ಕ

ಬೆಳಿಗ್ಗೆ ಹತ್ತರ ಹೊತ್ತಿಗೆ ಮೈಸೂರಿನ ಈ ಓಣಿಗೆ ಬಂದರೆ ಊದುಬತ್ತಿಯ ಊರು ಎನ್ನುವುದಕ್ಕೆ ತಕ್ಕ ಪರಿಮಳ ಎಲ್ಲೂ ಸಿಗುವುದಿಲ್ಲ. ಸಿಗುವುದು ಒದ್ದೆ ಇದ್ದಿಲಿನ ವಾಸನೆ, ಒಗೆದು ಹರವಿದ ಬಟ್ಟೆಯ ಸೋಪಿನ ವಾಸನೆ, ಯಾರದೋ ಮನೆಯ ಒಗ್ಗರಣೆಯ ಕರಿಬೇವಿನ ಘಾಟು. ಮಕ್ಕಳು ಶಾಲೆಗೆ ಹೋಗಿಯಾಗಿದೆ. ಗಂಡಸರು ಆಟೋಕ್ಕೋ ಗಾರೆ ಕೆಲಸಕ್ಕೋ ಹೊರಟಾಗಿದೆ. ಶೀಟಿನ ಸೂರಿನ ಒಂದು ಮನೆಯಿಂದ ಆಕಾಶವಾಣಿಯ ಹಳೆಯ ಹಾಡು ಕೇಳಿಬರುತ್ತಿದೆ. ಹೊಸ್ತಿಲಿನ ಪಕ್ಕದಲ್ಲಿ, ಬೆಳಕು ಚೆನ್ನಾಗಿ ಬೀಳುವ ಕಡೆ ಗೋಣಿತಾಟು ಹಾಸಿ, ಮುಂದೆ ಗಿಡ್ಡ ಕಾಲಿನ ಮಣೆ ಇಟ್ಟುಕೊಂಡು ಹೆಂಗಸರು ಕೂತಿದ್ದಾರೆ. ನಾವೂ ಎದುರಿನ ಜಗುಲಿಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರೋಣ, ಬನ್ನಿ.

ಇದ್ದಿಲ ಪುಡಿ, ಜಿಗಟು ಪುಡಿ, ಸಣ್ಣಗೆ ಜರಡಿ ಹಿಡಿದ ಮರದ ಹೊಟ್ಟು. ಇಷ್ಟಕ್ಕೆ ನೀರು ಹಾಕಿ ನಾದಿದರೆ ಚಪಾತಿ ಹಿಟ್ಟಿನ ಹದಕ್ಕೆ ಒಂದು ಕಪ್ಪು ಮುದ್ದೆ ಬರುತ್ತದೆ. ಹದ ತಪ್ಪಿ ನೀರಾದರೆ ಕಡ್ಡಿಗೆ ಹತ್ತುವುದಿಲ್ಲ, ಗಟ್ಟಿಯಾದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ಎಡಗೈ ಕಟ್ಟಿನಿಂದ ಒಂದು ಬಿದಿರು ಕಡ್ಡಿ ಎಳೆಯುವಷ್ಟರಲ್ಲಿ ಬಲಗೈ ಮುದ್ದೆಯಿಂದ ಚಿಟಿಕೆಯಷ್ಟು ಕಿತ್ತಿರುತ್ತದೆ. ಕಡ್ಡಿಯ ತುದಿಗೆ ಅದನ್ನು ಅಂಟಿಸಿ ಮಣೆಯ ಮೇಲೆ ಅಂಗೈಯಿಂದ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಉಜ್ಜಿದರೆ ಕಪ್ಪು ಮುದ್ದೆ ಕಡ್ಡಿಯುದ್ದಕ್ಕೂ ತೆಳ್ಳಗೆ ಹರಿದು, ಬುಡದಲ್ಲಿ ಒಂದು ಅಂಗುಲ ಬರಿ ಬಿದಿರನ್ನು ಬಿಟ್ಟು ನಿಲ್ಲುತ್ತದೆ. ಮೇಲೆ ಒಂದಿಷ್ಟು ಒಣ ಪುಡಿ ಸವರಿ ಪಕ್ಕದ ರಾಶಿಗೆ ಬಿಟ್ಟರೆ ಒಂದು ಕಡ್ಡಿ ಆಯಿತು. ನೋಡನೋಡುತ್ತಿದ್ದಂತೆ ಇನ್ನೊಂದು, ಮತ್ತೊಂದು. ಮಾತು ನಿಂತರೂ ಕೈ ನಿಲ್ಲುವುದಿಲ್ಲ. ಬಾಗಿಲಿಗೆ ಬಂದ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಾಗಲೂ ಕಣ್ಣು ಮಣೆಯ ಮೇಲೇ ಇರುತ್ತದೆ.

‘ಎಷ್ಟಾಯ್ತಕ್ಕ?’ ಎಂದು ಪಕ್ಕದ ಮನೆಯ ಹುಡುಗಿ ಕೇಳುತ್ತಾಳೆ.

‘ಎಲ್ಲಿ ಕಣವ್ವ, ಬೆಳಿಗ್ಗೆ ನೀರು ಬಂದಿತ್ತು, ಹಿಡಿಯೋದ್ರಲ್ಲೇ ಹೊತ್ತೋಯ್ತು. ಇನ್ನೂ ಸಾವಿರ ಮುಟ್ಟಿಲ್ಲ.’

ಇಲ್ಲಿ ಕೆಲಸವನ್ನು ಅಳೆಯುವುದು ಗಂಟೆಯಲ್ಲಲ್ಲ, ಸಾವಿರದಲ್ಲಿ. ಸಾವಿರ ಕಡ್ಡಿಗೆ ಇಷ್ಟು ರೂಪಾಯಿ ಎಂದು ಮಾಲು ತಂದುಕೊಡುವ ಅಣ್ಣ ಹೇಳಿರುತ್ತಾನೆ. ಕೈ ಪಳಗಿದವರು ದಿನವಿಡೀ ಕೂತರೆ ಮೂರ್ನಾಲ್ಕು ಸಾವಿರ ಉಜ್ಜುತ್ತಾರೆ. ಎಂಟು ಗಂಟೆಗೆ ನಾಲ್ಕು ಸಾವಿರ ಎಂದರೆ ಒಂದು ಕಡ್ಡಿಗೆ ಏಳು ಸೆಕೆಂಡಿನ ಮೇಲೆ ಸ್ವಲ್ಪ. ಆ ಏಳು ಸೆಕೆಂಡಿನೊಳಗೆ ಮೂಗು ತುರಿಸಿಕೊಳ್ಳುವುದಕ್ಕೂ ಬಿಡುವಿಲ್ಲ. ಎದ್ದು ನೀರು ಕುಡಿದು ಬಂದರೆ ಹತ್ತಾರು ಕಡ್ಡಿ ಹೋಯಿತು. ಮಗುವಿಗೆ ಜ್ವರ ಬಂದರೆ ಆ ದಿನದ ಸಾವಿರವೇ ಹೋಯಿತು. ಸಂಜೆ ಶಾಲೆಯಿಂದ ಬಂದ ಮಗಳು ಚೀಲ ಬಿಸಾಕಿ ಅಮ್ಮನ ಪಕ್ಕ ಕೂತು ಕಡ್ಡಿ ಬಿಡಿಸಿ ಕೊಡುತ್ತಾಳೆ. ಅವಳ ಕೈಯ ಲೆಕ್ಕವೂ ಅಮ್ಮನ ಸಾವಿರದೊಳಗೇ ಸೇರುತ್ತದೆ.

ಎಣಿಕೆಯ ಕೂಲಿಗಿಂತ ಹುರುಪು ಕೊಡುವ ಸಂಬಳ ಬೇರೊಂದಿಲ್ಲ ಎಂದು ಕಾರ್ಖಾನೆ ನಡೆಸುವ ಹಲವರು ಮನಸ್ಸಿಟ್ಟು ನಂಬುತ್ತಾರೆ. ದುಡಿದಷ್ಟು ದುಡ್ಡು, ಮೇಲೆ ನಿಂತು ನೋಡುವವರ ಗೊಡವೆಯಿಲ್ಲ, ಸೋಮಾರಿಗೆ ಕಡಿಮೆ, ಚುರುಕಿನವರಿಗೆ ಹೆಚ್ಚು. ಈ ಜಗುಲಿಯ ಮೇಲೆ ಕೂತು ನೋಡಿದರೆ ಅದರಲ್ಲಿ ಅರ್ಧ ನಿಜ ಕಾಣುತ್ತದೆ. ಕೈ ಚುರುಕಾಗಿರುವುದು ಹೌದು, ಮೇಸ್ತ್ರಿ ಬೇಕಿಲ್ಲದಿರುವುದೂ ಹೌದು. ಆದರೆ ಆಷಾಢದ ಜಡಿಮಳೆ ಹಿಡಿದು ಮೂರು ದಿನ ಬಿಸಿಲು ಕಾಣದೆ, ಉಜ್ಜಿದ ಕಡ್ಡಿ ಒಣಗದೆ ಬೂಷ್ಟು ಹಿಡಿದಾಗ ಈ ಹೆಂಗಸಿನ ಹುರುಪು ಏನು ಮಾಡಬೇಕು? ಬಿದಿರು ಕಡ್ಡಿಯ ಕಟ್ಟು ಬರುವುದು ತಡವಾದರೆ? ಮಾಲು ಒಪ್ಪಿಸುವಾಗ ದಪ್ಪ ಬಂದಿದೆ, ಸೊಟ್ಟ ಬಂದಿದೆ ಎಂದು ಹಿಡಿ ಹಿಡಿ ಕಡ್ಡಿಯನ್ನು ಪಕ್ಕಕ್ಕೆ ಎತ್ತಿಟ್ಟರೆ? ಅವಳ ಕೈಗೆ ಸಂಬಂಧವಿಲ್ಲದ ನಷ್ಟವೆಲ್ಲ ಅವಳ ಸಾವಿರದಿಂದಲೇ ಕಳೆಯುತ್ತದೆ. ಹಬ್ಬಕ್ಕೆಂದು ಅಣ್ಣನಿಂದ ಮುಂಗಡ ಪಡೆದಿದ್ದರೆ ರೇಟು ಕೇಳುವ ಬಾಯಿಯೂ ಕಟ್ಟಿಹೋಗುತ್ತದೆ.

ಈಚಿನ ವರ್ಷಗಳಲ್ಲಿ ಈ ಕೈಗಳಿಗೆ ಯಂತ್ರದ ಜೊತೆ ಪೈಪೋಟಿ. ವಿದ್ಯುತ್ತಿನಿಂದ ನಡೆಯುವ ಯಂತ್ರ ನಿಮಿಷಕ್ಕೆ 150 ಕಡ್ಡಿಯಾದರೂ ಉಗುಳುತ್ತದೆ. ಮಧ್ಯೆ ವಿಯೆಟ್ನಾಂ, ಚೀನಾಗಳಿಂದ ಕಚ್ಚಾ ಬತ್ತಿಯೇ ಹಡಗಿನಲ್ಲಿ ಬರತೊಡಗಿ ಓಣಿಗಳ ಮಣೆಗಳು ಗೋಡೆಗೆ ಒರಗಿದ್ದೂ ಉಂಟು. ಕೇಂದ್ರ ಸರ್ಕಾರ 2019ರ ಆಗಸ್ಟ್‌ನಲ್ಲಿ ಆಮದಿಗೆ ನಿರ್ಬಂಧ ಹಾಕಿತು, 2020ರ ಜೂನ್‌ನಲ್ಲಿ ಬಿದಿರು ಕಡ್ಡಿಯ ಮೇಲಿನ ಸುಂಕವನ್ನು ಶೇ 10ರಿಂದ 25ಕ್ಕೆ ಏರಿಸಿತು. ಅದೇ ವರ್ಷ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ತನ್ನ ಅಗರಬತ್ತಿ ಯೋಜನೆ ಪ್ರಕಟಿಸಿದಾಗ ಕೂಲಿಯ ಲೆಕ್ಕವನ್ನೂ ಬಿಡಿಸಿ ಹೇಳಿತ್ತು: ಕಿಲೋ ಬತ್ತಿಗೆ 15 ರೂಪಾಯಿ ಮಜೂರಿ, ಒಂದು ಯಂತ್ರದಲ್ಲಿ ದಿನಕ್ಕೆ 80 ಕಿಲೋ, ಅದನ್ನು ನಡೆಸುವ ನಾಲ್ವರಿಗೆ ಒಟ್ಟು 1,200, ಅಂದರೆ ತಲೆಗೆ 300 ರೂಪಾಯಿ. ಯಂತ್ರ ಬಂದರೂ ಕೂಲಿಯ ಬುಡದಲ್ಲಿರುವುದು ಎಣಿಕೆಯೇ. ಸಾವಿರ ಹೋಗಿ ಕಿಲೋ ಬಂದಿದೆ, ಅಷ್ಟೆ.

ಇಂಥವರನ್ನು ಕಾನೂನು ಮರೆತಿತ್ತು ಎನ್ನುವ ಹಾಗೂ ಇಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ದಿನದ ಕೂಲಿಗೂ ತುಂಡು ಕೆಲಸದ ಕೂಲಿಗೂ ಬೇರೆ ಬೇರೆ ಕೆಳಗೆರೆ ಎಳೆಯಲು ಅವಕಾಶವಿತ್ತು. ಅದರ ಜೊತೆಗೆ ಮೂರನೆಯದೊಂದೂ ಇತ್ತು: ಎಣಿಕೆ ಎಷ್ಟೇ ಬರಲಿ, ತುಂಡು ಕೆಲಸದವರಿಗೆ ಇಷ್ಟು ಹೊತ್ತಿಗೆ ಇಷ್ಟು ದುಡ್ಡು ಖಾತ್ರಿ ಎನ್ನುವ ದರ. ಕರ್ನಾಟಕದಲ್ಲಿ ಅಗರಬತ್ತಿ ಉದ್ಯಮ ಕನಿಷ್ಠ ವೇತನದ ಪಟ್ಟಿಯಲ್ಲಿದೆ. ಆದರೆ ಮನೆಯ ಹೊಸ್ತಿಲಿನಲ್ಲಿ ಹಾಜರಿ ಪುಸ್ತಕ ಇಡುವವರು ಯಾರು? ಆ ಮೂರನೆಯ ದರವೇ ಇವರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಾಲ ಕೆಳಗೆ ಅಷ್ಟು ನೆಲ ಗಟ್ಟಿಯಿದ್ದರೆ ಮಾತ್ರ ಇನ್ನೊಂದು ಐನೂರು ಉಜ್ಜುವುದು ಹುಮ್ಮಸ್ಸಿನ ಮಾತಾಗುತ್ತದೆ. ಇಲ್ಲದಿದ್ದರೆ ಅದು ಹೆದರಿಕೆಯ ದುಡಿಮೆ.

ಇಲ್ಲಿಂದ ಊರಿನ ಇನ್ನೊಂದು ಮಗ್ಗುಲಿಗೆ, ಮೇಟಗಳ್ಳಿ, ಹೆಬ್ಬಾಳದ ಕೈಗಾರಿಕಾ ಪ್ರದೇಶದ ಕಡೆಗೆ ಹೋಗೋಣ. ದಿನವನ್ನೂ ಬದಲಿಸೋಣ, ಆಯುಧಪೂಜೆಯ ಬೆಳಗ್ಗೆ ಇರಲಿ. ಅರಮನೆಯಲ್ಲಿ ಪಟ್ಟದ ಕತ್ತಿಗೆ, ಪಟ್ಟದ ಆನೆಗೆ ಪೂಜೆ ನಡೆಯುವ ದಿನವೇ ಈ ಶೆಡ್ಡುಗಳಲ್ಲಿ ಲೇತಿಗೂ, ಡ್ರಿಲ್ಲಿಂಗ್ ಯಂತ್ರಕ್ಕೂ, ಗೇಟಿನ ಬಳಿಯ ಫೋರ್ಕ್‌ಲಿಫ್ಟಿಗೂ ಪೂಜೆ. ಹಿಂದಿನ ಸಂಜೆಯೇ ಸೀಮೆಎಣ್ಣೆ, ಬನಿಯನ್ ವೇಸ್ಟು ಹಿಡಿದು ಯಂತ್ರದ ಸಂದುಗೊಂದಿಯ ಗ್ರೀಸು ತೆಗೆದಿರುತ್ತಾರೆ. ವರ್ಷವೆಲ್ಲ ಕೂಲಂಟ್ ಎಣ್ಣೆಯ ಹುಳಿ ವಾಸನೆ ಕುಡಿದ ಗೋಡೆಗಳಿಗೆ ಅಂದು ಚೆಂಡುಹೂವಿನ, ಕರ್ಪೂರದ, ಬಾಳೆಕಂದಿನ ಹಸಿ ವಾಸನೆ. ಯಂತ್ರದ ಹಣೆಗೆ ವಿಭೂತಿ, ಕುಂಕುಮ. ಬಾಗಿಲಲ್ಲಿ ಬೂದುಗುಂಬಳ ಒಡೆದು ಕುಂಕುಮದ ನೀರು ಹರಿದ ಜಾಗ ಕೆಂಪಾಗಿದೆ. ಮಾಲೀಕರು ಬಿಳಿ ಪಂಚೆಯಲ್ಲಿ ಬಂದು ಮಂಗಳಾರತಿ ತೆಗೆದುಕೊಂಡ ಮೇಲೆ ಎಲ್ಲರ ಕೈಗೂ ಕಡ್ಲೆಪುರಿ, ಬಾಳೆಹಣ್ಣು, ಒಂದು ಪೆಟ್ಟಿಗೆ ಸಿಹಿ. ಹೆಲ್ಪರ್ ಹುಡುಗ ಪೆಟ್ಟಿಗೆಯನ್ನು ಬಿಚ್ಚದೆ ಮನೆಗೆಂದು ಚೀಲಕ್ಕೆ ಹಾಕಿಕೊಳ್ಳುತ್ತಾನೆ.

ಹಬ್ಬಕ್ಕೆ ಕೆಲವು ದಿನ ಮೊದಲೇ ಬ್ಯಾಂಕ್ ಖಾತೆಗೆ ಬೋನಸ್ ಬಿದ್ದಿರುತ್ತದೆ, ಅಥವಾ ಬೀಳದೆ ಊಟದ ಹೊತ್ತಿನಲ್ಲಿ ಗುಸುಗುಸು ಎದ್ದಿರುತ್ತದೆ. ‘ಪಕ್ಕದ ಕಂಪನೀಲಿ ಎಷ್ಟಂತೆ?’ ಎನ್ನುವುದು ಸೆಪ್ಟೆಂಬರ್ ತಿಂಗಳಲ್ಲಿ ಇಲ್ಲಿನ ಚಹಾದಂಗಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ. ಲೆಕ್ಕ ಸರಳವಾಗಿದೆ. 1965ರ ಬೋನಸ್ ಕಾಯ್ದೆ ಎಳೆದ ಕೆಳಗಿನ ಗೆರೆ ವರ್ಷದ ಸಂಬಳದ ಶೇ 8.33, ಮೇಲಿನ ಗೆರೆ ಶೇ 20. ಈಚಿನ ವೇತನ ಸಂಹಿತೆಯೂ ಅವೆರಡನ್ನು ಹಾಗೆಯೇ ಉಳಿಸಿಕೊಂಡಿದೆ. 8.33 ಎಂದರೆ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಹದಿಮೂರನೆಯ ತಿಂಗಳ ಸಂಬಳ. ಲಾಭ ಬರಲಿ ಬಿಡಲಿ, ಅಷ್ಟನ್ನಂತೂ ಕೊಡಬೇಕು. ಹಾಗಾಗಿ ಕೆಲಸಗಾರರ ಮನಸ್ಸಿನಲ್ಲಿ ಆ ಹಣ ಆಗಲೇ ಖರ್ಚಾಗಿರುತ್ತದೆ. ಮಕ್ಕಳ ಬಟ್ಟೆ, ಸಂಘದ ಕಂತು, ಊರಿನಲ್ಲಿ ಮನೆಗೆ ಸುಣ್ಣ. ಅದು ಬಾರದಿದ್ದರೆ ಸಿಟ್ಟು ಬರುತ್ತದೆ, ಬಂದರೆ ಸಮಾಧಾನವಾಗುತ್ತದೆ. ಹುಮ್ಮಸ್ಸು ಶುರುವಾಗುವುದು ಆ ಗೆರೆಯ ಮೇಲೆ ಮಾಲೀಕರು ತಾವಾಗಿ ಇಡುವ ಹಣದಿಂದ. ‘ಹೋದ ವರ್ಷ ಆರ್ಡರ್ ಚೆನ್ನಾಗಿತ್ತು, ಹನ್ನೆರಡು ಪರ್ಸೆಂಟ್ ಕೊಟ್ಟವ್ರೆ’ ಎನ್ನುವಾಗ ಫಿಟ್ಟರ್ ಒಬ್ಬರ ದನಿಯಲ್ಲಿ ಹಣಕ್ಕಿಂತ ಹೆಚ್ಚಿನ ಒಂದು ಸಂತೋಷ ಇರುತ್ತದೆ. ಆರ್ಡರ್ ಚೆನ್ನಾಗಿದ್ದದ್ದು ತನಗೂ ಗೊತ್ತಿತ್ತು, ಮಾಲೀಕರೂ ಮರೆಯಲಿಲ್ಲ ಎನ್ನುವ ಸಂತೋಷ.

ಒಮ್ಮೆ ಕೊಟ್ಟದ್ದನ್ನು ಹಿಂತೆಗೆದರೆ ಏನಾಗುತ್ತದೆ ಎನ್ನುವುದನ್ನು ಈ ದೇಶ ನೂರು ವರ್ಷದ ಹಿಂದೆಯೇ ಕಂಡಿದೆ. 1917ರಲ್ಲಿ ಅಹಮದಾಬಾದಿಗೆ ಪ್ಲೇಗು ಬಡಿದು ಜನ ಊರು ಬಿಡುತ್ತಿದ್ದಾಗ ಗಿರಣಿ ಮಾಲೀಕರು ಕೆಲಸಗಾರರನ್ನು ಉಳಿಸಿಕೊಳ್ಳಲು ಪ್ಲೇಗ್ ಬೋನಸ್ ಕೊಟ್ಟರು. ಪ್ಲೇಗು ಇಳಿಯಿತು, ಬೋನಸ್ ನಿಂತಿತು. ಆದರೆ ಯುದ್ಧಕಾಲದ ಬೆಲೆ ಇಳಿದಿರಲಿಲ್ಲ. 1918ರಲ್ಲಿ ಗಾಂಧೀಜಿ ಆ ಕಾರ್ಮಿಕರ ಪರ ನಿಂತು ಶೇ 35ರ ಹೆಚ್ಚಳ ಕೇಳಿದರು, ಉಪವಾಸವನ್ನೂ ಕೂತರು. ಕೊಡುವವರು ಆ ಹಣವನ್ನು ಪ್ಲೇಗಿಗೆಂದು ಕೊಟ್ಟಿದ್ದರು, ಪಡೆದವರು ಅದರಿಂದ ಅಕ್ಕಿ ಬೇಳೆ ತಂದಿದ್ದರು. ಹೆಬ್ಬಾಳದ ಚಹಾದಂಗಡಿಯಲ್ಲಿ ಇಂದಿಗೂ ಜಗಳ ಹುಟ್ಟುವುದು ಈ ಎರಡರ ನಡುವಿನ ಅಂತರದಲ್ಲೇ.

ದಕ್ಷಿಣಕ್ಕೆ ಮಾನಂದವಾಡಿ ರಸ್ತೆಗೆ ಇಳಿದರೆ ಕಿವಿಗೆ ಬೇರೆಯೇ ಶ್ರುತಿ. ನಾಲ್ವಡಿ ಕೃಷ್ಣರಾಜ ಒಡೆಯರ್ 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರುಮಾಡಿದ ರೇಷ್ಮೆ ನೇಯ್ಗೆ ಕಾರ್ಖಾನೆ ಇರುವುದು ಇಲ್ಲೇ. ಒಳಗೆ ಕಾಲಿಟ್ಟರೆ ಸಾಲುಸಾಲು ಮಗ್ಗಗಳ ಖಟಖಟ ಎದೆಗೆ ಬಡಿಯುತ್ತದೆ, ಪಕ್ಕದವರ ಮಾತು ಕೇಳುವುದಿಲ್ಲ. ಹಾಸಿನ ಎಳೆಗಳು ಹೊಳೆಯುವ ಒಂದು ಹಾಳೆಯಾಗಿ ನಿಂತಿವೆ, ಲಾಳಿ ಆ ಕಡೆಯಿಂದ ಈ ಕಡೆಗೆ ಕಣ್ಣಿಗೆ ಸಿಗದಷ್ಟು ಬೇಗ ಓಡಾಡುತ್ತಿದೆ. ಕೆಲಸಗಾರ ಮುಂದೆ ಬಾಗಿ ನಿಂತಿದ್ದಾನೆ, ಏನೂ ಮಾಡುತ್ತಿಲ್ಲ ಎನ್ನಿಸುತ್ತದೆ. ಇದ್ದಕ್ಕಿದ್ದಂತೆ ಮಗ್ಗ ನಿಲ್ಲಿಸಿ, ನಮಗೆ ಕಾಣದ ಒಂದು ತುಂಡು ಎಳೆಯನ್ನು ಉಗುರಿನಿಂದ ಹೆಕ್ಕಿ, ಬೆರಳ ತುದಿಯಲ್ಲಿ ಗಂಟು ಹಾಕಿ ಮತ್ತೆ ಚಾಲೂ ಮಾಡುತ್ತಾನೆ. ಅವನು ಆ ಅರೆ ನಿಮಿಷ ನಿಲ್ಲಿಸದೇ ಹೋಗಿದ್ದರೆ ಸೀರೆಯುದ್ದಕ್ಕೂ ಒಂದು ಗೀರು ಓಡುತ್ತಿತ್ತು. ಶೇ 65 ಬೆಳ್ಳಿ, ಶೇ 0.65 ಚಿನ್ನದ ಜರಿ ಹಾಕಿದ, ತನ್ನದೇ ಸಂಕೇತ ಸಂಖ್ಯೆ ಹೊತ್ತ ಸೀರೆ ಅದು. ಮದುವೆಗೆಂದು ವರ್ಷಗಟ್ಟಲೆ ಕೂಡಿಟ್ಟು ಕೊಳ್ಳುವವರಿದ್ದಾರೆ. ಇಂಥ ಕೆಲಸದಲ್ಲಿ ಮಗ್ಗ ಓಡಿಸುವುದರಷ್ಟೇ ನಿಲ್ಲಿಸುವುದಕ್ಕೂ ಬೆಲೆ ಇದೆ. ಬರಿ ಮೀಟರಿನ ಮೇಲೆ ಕೂಲಿ ಕಟ್ಟುವ ಮಾಲೀಕ ಎಲ್ಲೇ ಇರಲಿ, ಆ ಅರೆ ನಿಮಿಷವನ್ನು ತಾನೇ ದುಬಾರಿ ಮಾಡಿಕೊಂಡ ಹಾಗೆ.

ಅದೇ ರಸ್ತೆಯಲ್ಲಿ ಮುಂದೆ ಅಶೋಕಪುರಂ ಬಳಿ ರೈಲ್ವೆ ಕಾರ್ಯಾಗಾರ. ಸೈರನ್ ಆದ ಕೂಡಲೇ ಗೇಟಿನಿಂದ ನೀಲಿ ಅಂಗಿಗಳ ಸಾಲು, ಸೈಕಲ್ಲಿನ ಕಾಲ ಮುಗಿದು ಈಗ ಸ್ಕೂಟರುಗಳು. ಒಳಗೆ ಗಾಲಿ ಬಿಚ್ಚಿಸಿಕೊಂಡು ಜಾಕಿನ ಮೇಲೆ ಕೂತ ಬೋಗಿಗಳು, ವೆಲ್ಡಿಂಗಿನ ನೀಲಿ ಮಿಂಚು, ಹೊಸ ಬಣ್ಣದ ವಾಸನೆ. ಇವರಿಗೆ ದಸರೆಗೆ ಮುನ್ನ ಕೇಂದ್ರ ಸಂಪುಟ ಪ್ರಕಟಿಸುವ ಉತ್ಪಾದಕತೆ ಆಧಾರಿತ ಬೋನಸ್ ಬರುತ್ತದೆ. 1979–80ರಿಂದ ಬಂದ ಪದ್ಧತಿ ಅದು. ಬಹಳ ವರ್ಷಗಳಿಂದ 78 ದಿನಗಳ ಸಂಬಳ ಎಂದೇ ಸುದ್ದಿಯಾಗುತ್ತದೆ. ಆದರೆ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳದ ಮಿತಿ 7,000 ರೂಪಾಯಿ. ಹಾಗಾಗಿ ಮೊನ್ನೆ ಸೇರಿದವರಿಗೂ ನಿವೃತ್ತಿಗೆ ಬಂದ ಹಿರಿಯ ಟೆಕ್ನಿಷಿಯನ್‌ಗೂ ಕೈಗೆ ಬರುವುದು ಹೆಚ್ಚೆಂದರೆ 17,951. ಇಡೀ ಗೇಟಿಗೆ ಒಂದೇ ಮೊತ್ತ. ಕರುಬುವುದಕ್ಕೆ ಜಾಗವಿಲ್ಲ, ಹಾಗೆಯೇ ‘ನನ್ನ ಕೆಲಸಕ್ಕೆ ಬಂತು’ ಎನ್ನುವುದಕ್ಕೂ ಜಾಗವಿಲ್ಲ.

ಒಬ್ಬೊಬ್ಬರ ಕೈಗೆ ತಕ್ಕಂತೆ ಕೊಡುವ ಇನ್ನೊಂದು ದಾರಿಯನ್ನೂ ರೈಲ್ವೆ ಕಾರ್ಯಾಗಾರಗಳು 1950ರ ದಶಕದಲ್ಲೇ ಕಂಡುಕೊಂಡಿದ್ದವು. ಚಿತ್ತರಂಜನ್ ಎಂಜಿನ್ ಕಾರ್ಖಾನೆಯಲ್ಲಿ ಶುರುವಾದದ್ದರಿಂದ ಅದಕ್ಕೆ ಚಿತ್ತರಂಜನ್ ಮಾದರಿ ಎಂದೇ ಹೆಸರು. ಒಂದೊಂದು ಕೆಲಸಕ್ಕೂ ಇಷ್ಟು ಹೊತ್ತು ಎಂದು ಮೊದಲೇ ಅಳೆದು ಗೊತ್ತುಮಾಡಿರುತ್ತಾರೆ. ಅದಕ್ಕಿಂತ ಬೇಗ ಮುಗಿಸಿದರೆ ಉಳಿಸಿದ ಹೊತ್ತಿಗೆ ಹಣ. ಸಾಧಾರಣ ಕೈಯವರೂ ಮೂಲ ಸಂಬಳದ ಮೇಲೆ ಮೂರನೇ ಒಂದು ಪಾಲು ಗಳಿಸಬಹುದಾದಷ್ಟು ಸಡಿಲವಾಗಿ ಹೊತ್ತನ್ನು ಇಟ್ಟು, ಮೇಲಕ್ಕೆ ಅರ್ಧದ ಮಿತಿ ಹಾಕಿದರು. ನನಗೆ ಇದರಲ್ಲಿ ಹಿಡಿಸುವುದು ಕೆಳಗಿನ ನೆಲ. ತಿಂಗಳ ಸಂಬಳ ಅಲುಗಾಡುವುದಿಲ್ಲ, ಬಹುಮಾನ ಅದರ ಮೇಲೆ ನಿಲ್ಲುತ್ತದೆ. ಓಣಿಯ ಹೆಂಗಸಿಗೆ ಇಲ್ಲದಿರುವುದು ಇದೇ. ಅವಳ ಇಡೀ ಸಂಬಳವೇ ಬಹುಮಾನದ ಹಾಗೆ ದಿನಾ ಹೊಸದಾಗಿ ಗೆಲ್ಲಬೇಕಾದದ್ದು.

ಹೆಬ್ಬಾಳದ ಇನ್ಫೊಸಿಸ್ ಆವರಣದ ಮಾತನ್ನೂ ಇಲ್ಲಿ ಆಡಿಬಿಡಬೇಕು. ಸಂಜೆ ಅಲ್ಲಿಂದ ಹೊರಡುವ ಬಸ್ಸುಗಳಲ್ಲಿ ದೇಶದ ಎಲ್ಲ ಮೂಲೆಯ ಹುಡುಗ ಹುಡುಗಿಯರು ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಕಿಟಕಿಗೆ ತಲೆಯಾನಿಸಿರುತ್ತಾರೆ. ಮೈಸೂರಿನ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1967ರಲ್ಲಿ ಹೊರಬಂದ ನಾರಾಯಣಮೂರ್ತಿ ಮತ್ತು ಅವರ ಜೊತೆಗಾರರು 1994ರಲ್ಲಿ ತಮ್ಮ ಕಂಪನಿಯ ನೌಕರರಿಗೆ ಷೇರು ಕೊಡುವ ಯೋಜನೆ ತಂದಾಗ ಭಾರತದಲ್ಲಿ ಅಂಥದ್ದು ತೀರ ಹೊಸದು. ಸಂಬಳ ತಿಂಗಳ ದುಡಿಮೆಗೆ, ಬೋನಸ್ ವರ್ಷದ ದುಡಿಮೆಗೆ. ಷೇರು ಕೊಟ್ಟರೆ ನೌಕರನ ಕಣ್ಣು ಕಂಪನಿ ಹತ್ತು ವರ್ಷದ ಮೇಲೆ ಹೇಗಿರುತ್ತದೆ ಎನ್ನುವುದರ ಮೇಲೆ ನಿಲ್ಲುತ್ತದೆ. ಆಗ ಸೇರಿದ ಎಷ್ಟೋ ಮಧ್ಯಮವರ್ಗದ ಮನೆಗಳ ಹಣೆಬರಹ ಅದರಿಂದ ಬದಲಾಯಿತು. ಷೇರಿನ ಬೆಲೆ ಏರುವ ಕಾಲದಲ್ಲಿ ಅದರ ಸೊಗಸೇ ಬೇರೆ, ಇಳಿಯುವ ಕಾಲದಲ್ಲಿ ಅದನ್ನು ನೆಚ್ಚಿಕೊಂಡು ಸಾಲ ಮಾಡಿದವರ ಪಾಡೂ ಬೇರೆ.

ಕೊನೆಗೆ ಪರಿಮಳ ಸಿಗುವ ಜಾಗಕ್ಕೆ ಹೋಗೋಣ. ಎನ್. ರಂಗರಾವ್ 1948ರಲ್ಲಿ ಮೈಸೂರಿನಲ್ಲಿ ಶುರುಮಾಡಿದ ಸಂಸ್ಥೆ ಮುಂದೆ ಸೈಕಲ್ ಬ್ರಾಂಡಿನಿಂದ ಹೆಸರಾಯಿತು. 2005ರಲ್ಲಿ ಮೈಸೂರು ಅಗರಬತ್ತಿಗೆ ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ಜಾಗ ಸಿಕ್ಕಿತು. ದೊಡ್ಡ ಕಾರ್ಖಾನೆಗಳ ಜೊತೆ ಹೆಸರಿಲ್ಲದ ಸಣ್ಣ ಘಟಕಗಳೂ ಊರ ತುಂಬ ಇವೆ. ಅಂಥದ್ದೊಂದು ಪ್ಯಾಕಿಂಗ್ ಹಾಲ್ ಇದು. ಸುಗಂಧದಲ್ಲಿ ಅದ್ದಿ ಒಣಗಿಸಿದ ಬತ್ತಿಗಳು ತಟ್ಟೆ ತಟ್ಟೆಯಾಗಿ ಬಂದು ಬೀಳುತ್ತವೆ. ಮಲ್ಲಿಗೆ, ಕೇದಗೆ, ಗಂಧ ಒಂದರ ಮೇಲೊಂದು ಏರಿ ಹೊಸಬರಿಗೆ ಅರ್ಧ ಗಂಟೆಯಲ್ಲಿ ತಲೆ ಭಾರವಾಗುತ್ತದೆ. ಉದ್ದ ಮೇಜಿನ ಎರಡೂ ಬದಿಗೆ ತಲೆಗೆ ಟೋಪಿ, ಮೈಗೆ ಏಪ್ರನ್ ಹಾಕಿಕೊಂಡ ಹೆಣ್ಣುಮಕ್ಕಳು. ಒಬ್ಬಳು ತೂಗುತ್ತಾಳೆ, ಒಬ್ಬಳು ಕವರಿಗೆ ತುಂಬುತ್ತಾಳೆ, ಒಬ್ಬಳು ಅಂಟಿಸುತ್ತಾಳೆ, ಇನ್ನೊಬ್ಬಳು ಡಜನ್ ಜೋಡಿಸಿ ಪೆಟ್ಟಿಗೆಗೆ ಇಳಿಸುತ್ತಾಳೆ. ಇವರಿಗೆ ತಿಂಗಳ ಸಂಬಳವಿದೆ. ಅದರ ಮೇಲೆ, ಲೈನು ದಿನದ ಟಾರ್ಗೆಟ್ ದಾಟಿದರೆ ಇಡೀ ಲೈನಿಗೆ ಇನ್ಸೆಂಟಿವ್. ಒಂದು ದಿನವೂ ತಪ್ಪದೆ ಬಂದವರಿಗೆ ಹಾಜರಿ ಬೋನಸ್.

ಗುಂಪಿಗೆ ಕೊಡುವ ಈ ಇನಾಮಿನ ಒಳ್ಳೆಯದೂ ಕೆಟ್ಟದೂ ಈ ಮೇಜಿನ ಮುಂದೆಯೇ ಕಾಣುತ್ತದೆ. ಹೊಸ ಹುಡುಗಿಗೆ ಕವರಿನ ಬಾಯಿ ಹೇಗೆ ಬಿಡಿಸಬೇಕು ಎಂದು ಹಳಬರು ತಾವಾಗಿ ಕಲಿಸಿಕೊಡುತ್ತಾರೆ, ಅವಳು ಕಲಿತರೆ ತಮಗೂ ಲಾಭ. ಹಿಂದೆ ಬಿದ್ದವಳ ಮುಂದಿನ ರಾಶಿಯನ್ನು ಪಕ್ಕದವಳು ಸದ್ದಿಲ್ಲದೆ ತನ್ನ ಕಡೆ ಎಳೆದುಕೊಳ್ಳುತ್ತಾಳೆ. ಆದರೆ ಹೊಟ್ಟೆನೋವೆಂದು ಒಬ್ಬಳು ಎರಡು ಸಲ ಎದ್ದು ಹೋದರೆ ಮೂರನೇ ಸಲಕ್ಕೆ ಯಾರೋ ಗೊಣಗುತ್ತಾರೆ. ಸೂಪರ್‌ವೈಸರ್ ಬಯ್ಯಬೇಕಾದ್ದಿಲ್ಲ, ಗೆಳತಿಯರ ಮೌನವೇ ಸಾಕು. ಮಾಲೀಕರು ಹಣ ಉಳಿಸಲೆಂದು ಟಾರ್ಗೆಟ್ಟನ್ನು ಸದ್ದಿಲ್ಲದೆ ಮೇಲಕ್ಕೆ ಸರಿಸುತ್ತಾ ಹೋದರೆ ಈ ಮೇಜಿನ ನಗು ಮೊದಲು ನಿಲ್ಲುತ್ತದೆ, ಕೆಲಸ ಆಮೇಲೆ. ದರವನ್ನು ಗೋಡೆಗೆ ಅಂಟಿಸಿ, ಮಾತು ತಪ್ಪದೆ ನಡೆಸುವ ಕಡೆ ಇದೇ ಇನ್ಸೆಂಟಿವ್ ವರ್ಷಗಟ್ಟಲೆ ತಕರಾರಿಲ್ಲದೆ ನಡೆದುಕೊಂಡು ಹೋಗುತ್ತದೆ.

ಮೇಜಿನ ಕೊನೆಯಲ್ಲಿ ಅಂಟಿಸುವ ಕೆಲಸದ ಹುಡುಗಿಯ ಸಂಬಳದ ಚೀಟಿಯಲ್ಲಿ ಇಎಸ್‌ಐ ವಿಮೆಗೆಂದು ಶೇ 0.75 ಕಳೆದಿರುತ್ತದೆ, ಮಾಲೀಕರು ತಮ್ಮ ಪಾಲು ಶೇ 3.25 ಸೇರಿಸುತ್ತಾರೆ. ಮೊದಲ ತಿಂಗಳು ಯಾಕೆ ಹಿಡಿದರು ಎಂದು ಅವಳು ಬೇಸರ ಮಾಡಿಕೊಂಡಿದ್ದಳಂತೆ. ಈಗ ಅವಳನ್ನೇ ನಂಬಿರುವ ಅಮ್ಮನಿಗೆ ಕಣ್ಣಿನ ಪೊರೆ ಬಂದಿದೆ, ಆ ಕಾರ್ಡ್ ಹಿಡಿದು ಕೆಆರ್‌ಎಸ್ ರಸ್ತೆಯ ಇಎಸ್‌ಐ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹೋದರೆ ಆ ತಿಂಗಳ ಹಾಜರಿ ಬೋನಸ್ ಹೋಗುತ್ತದೆ.

‘ಹೋಗ್ಲಿ ಬಿಡಕ್ಕ, ಅಮ್ಮಂಗಿಂತ ಹೆಚ್ಚಾ’ ಎಂದು ಪಕ್ಕದಲ್ಲಿ ತೂಗುತ್ತಿದ್ದವಳಿಗೆ ಹೇಳುತ್ತಾಳೆ. ‘ಮಂಗಳವಾರ ಹೋಗ್ತೀನಿ. ಅವತ್ತು ಮಾಲು ಕಮ್ಮಿ ಬತ್ತದೆ, ನಾನಿಲ್ದಿದ್ರೂ ನಿಮ್ಮ ಟಾರ್ಗೆಟ್ ತಪ್ಪಲ್ಲ.’